ಕೌದಿ ಹೊದ್ದ ಗಡಿಗೆಯೊಂದಿಗೆ ಬೆಳಗಾವಿಗೆ

ನನ್ನ ಮೊಮ್ಮಗಳು ಚೆನ್ನವ್ವ ಉಚ್ಚೆ ಹೊಯ್ದಳು! ಮೊದಲು ಈ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಓದುವವರು ನಗುವುದಾದರೆ ನಗಲಿ. ನಾಲ್ಕು ವರ್ಷದ ಕೂಸು ಉಚ್ಚೆ ಹೊಯ್ಯುವುದೂ ಒಂದು ಸುದ್ದಿಯೇ ಎಂದು ಕೇಳುವವರಿಗೆ ಆ ನೀರು ನಿಂತರೆ ಏನಾಗುತ್ತದೆಂದು ಗೊತ್ತಿಲ್ಲ. ಗೊತ್ತಾಗುವುದೂ ಬೇಡ, ಬಸವಣ್ಣ ಅವರನ್ನು ಚೆನ್ನಾಗಿಟ್ಟಿರಲಿ.

ನಮ್ಮದು ಖಾನಾಪುರ ತಾಲೂಕಿನ ನಂದಗಡ. ಬೇಸಿಗೆ ಮುಗಿಯುವ ಹೊತ್ತಿಗೆ ಚೆನ್ನಿಗೆ ಹೊಟ್ಟೆ ಕೆಟ್ಟಿತು. ಮೊದಲು ನೀರಿನಂತೆ, ಆಮೇಲೆ ರಕ್ತ. ಓಮದ ಕಷಾಯ ಕೊಟ್ಟೆ, ದಾಳಿಂಬೆ ಸಿಪ್ಪೆ ಅರೆದು ಕೊಟ್ಟೆ. ಭೇದಿ ನಿಂತಿತು ಎಂದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಉಚ್ಚೆಯೂ ನಿಂತಿತು. ಮುಖ ಬಾತು ಹುಡುಗಿ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಳು. ಮಗ ಬಸಪ್ಪ, ಸೊಸೆ ಶಾಂತಾ ಇಬ್ಬರೂ ಅವಳನ್ನು ಎತ್ತಿಕೊಂಡು ಬೆಳಗಾವಿಯ ದೊಡ್ಡ ದವಾಖಾನೆಗೆ ಓಡಿದರು. ಮೂತ್ರಪಿಂಡ ಎಂಬ ಮಾತನ್ನು ನಾನು ಕಲಿತದ್ದು ಆಗಲೇ. ಅದು ಕೆಲಸ ನಿಲ್ಲಿಸಿದೆ ಎಂದರು. ಹೊಟ್ಟೆಗೆ ಸಣ್ಣ ನಳಿಗೆ ಹಾಕಿ, ನೀರು ಬಿಟ್ಟು, ತೆಗೆದು, ಒಳಗಿನ ಹೊಲಸು ತೊಳೆಯುತ್ತಿದ್ದಾರೆ ಎಂದು ಮಗ ಹೇಳಿ ಕಳಿಸಿದಾಗ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ನಮ್ಮ ಯಜಮಾನರ ಜೊತೆ ಒಮ್ಮೆ ಹೋಗಿ ನೋಡಿಕೊಂಡು ಬಂದೆ.

ಆಮೇಲೆ ಒಂದು ಸಂತೆಯ ದಿನ. ಮೆಣಸಿನಕಾಯಿ ರಾಶಿಯ ಮುಂದೆ ನಾನು ಕೂತಿದ್ದೇನೆ, ಪದ್ಮಣ್ಣ ಶೇಟಜಿ ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿದರು. ಊರಲ್ಲಿ ಫೋನು ಇದ್ದ ಕೆಲವೇ ಮನೆಗಳಲ್ಲಿ ಅವರದೂ ಒಂದು. ಜೈನರು, ಮೆತ್ತಗೆ ಮಾತಾಡುವವರು. ಅಂಥವರು ಅವತ್ತು ಇಡೀ ಸಂತೆಗೆ ಕೇಳುವಂತೆ ಕೂಗಿದರು:

“ಗಂಗವ್ವಾ! ನಿನ್ನ ಮೊಮ್ಮಗಳು ಉಚ್ಚಿ ಹೊಯ್ದಾಳಂತ!”

ಮೊದಲು ಬದನೆಕಾಯಿ ಮಾರುವವಳು ನಕ್ಕಳು, ಬಳೆಗಾರ ನಕ್ಕ, ನಾನು ನಗಲಿಕ್ಕೆ ಹೋಗಿ ಅತ್ತೆ. ಶೇಟಜಿ ಅವತ್ತು ಬಂದವರಿಗೆಲ್ಲ ಕೈತುಂಬ ಪುಟಾಣಿ ಸಕ್ಕರೆ ಹಂಚಿದರು.

ಅಲ್ಲಿಂದ ಕೆಲವು ದಿನ ಕಳೆದ ಮೇಲೆ ಎರಡನೆಯ ಫೋನು ಬಂತು. ನಾಳೆ ರಕ್ತ ನೋಡುತ್ತಾರೆ, ಸರಿ ಬಂದರೆ ಮನೆಗೆ ಬಿಡುತ್ತಾರೆ, ಚೆನ್ನಿ ಆಯಿ ಬೇಕೆಂದು ಹಟ ಹಿಡಿದಿದ್ದಾಳೆ, ಅವ್ವನನ್ನು ಕಳಿಸಿರಿ ಎಂದು. ಅವಳಿಗೆ ಆಯಿ ಅಂದರೆ ನಾನೇ. ಹೀಗೆ ನಾನು ಬೆಳಗಾವಿಗೆ ಹೊರಟೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ಒಬ್ಬಳೇ ರೈಲು ಹತ್ತಿದವಳಲ್ಲ. ಆ ಒಂದು ದಿನದ ಪ್ರಯಾಣವನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಬೆಳಗಿನ ಜಾವ ಎದ್ದು ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ದನದ ಕೊಟ್ಟಿಗೆಗೆ ಹೋದೆ. ನಮ್ಮ ಆಕಳು ಗೌರಿ, ಹಣೆಯ ಮೇಲೆ ಬಿಳಿ ಚುಕ್ಕೆ. ಆಕೆಗೆ ನನ್ನ ಕೈಯೇ ಬೇಕು, ಬೇರೆಯವರು ಕೂತರೆ ಒದೆಯುತ್ತಾಳೆ. ನಮ್ಮ ಅತ್ತೆಯವರ ಕಾಲದಿಂದ ನಡೆದ ಪದ್ಧತಿಯೊಂದಿದೆ: ಕರುವಿಗೆ ಒಂದು ಮೊಲೆ, ಕೂಸಿಗೆ ಒಂದು ಬಟ್ಟಲು. ಮನೆಯ ಸಣ್ಣ ಕೂಸು ಹಿತ್ತಾಳೆ ಬಟ್ಟಲು ಹಿಡಿದು ಕರುವಿನ ಬಾಜೂ ನಿಲ್ಲಬೇಕು. ಕರೆದ ನೊರೆಹಾಲು ಬಿಸಿ ಇರುವಾಗಲೇ ಅದಕ್ಕೆ ಸುರಿಯಬೇಕು. ಉಳಿದ ಹಾಲು ಒಲೆಗೆ, ಚಹಾಕ್ಕೆ, ಹೆಪ್ಪಿಗೆ. “ಒಲಿ ಕಂಡ ಹಾಲು ಹಾಲಲ್ಲ, ಬರೇ ಬಿಳಿ ನೀರು” ಎನ್ನುತ್ತಿದ್ದರು ಅತ್ತೆ. ಹಾಗೆ ಬೆಳೆದ ಮಕ್ಕಳೇ ನಮ್ಮ ಮನೆಯವೆಲ್ಲ.

ಆ ದಿನ ಬಟ್ಟಲು ಹಿಡಿಯುವವಳು ಇರಲಿಲ್ಲ. ಗೌರಿಯ ಪಕ್ಕೆ ತಟ್ಟಿ, “ಇವತ್ತಿಂದು ಡಾಕ್ಟರಬಾಯಾರಿಗೆ, ಚಲೋ ಇಳಿಸು” ಎಂದೆ. ನನ್ನ ಕೂಸನ್ನು ಉಳಿಸಿದ ಆ ಡಾಕ್ಟರ ತಾಯಿಗೆ ಬರಿಗೈಲಿ ಹೋಗಿ ಮುಖ ತೋರಿಸಲೇ? ಖಾನಾಪುರದ ಕುಂಬಾರರ ಗಡಿಗೆಗೆ ಹಾಲು ತುಂಬಿ, ಬಾಯಿಗೆ ಬಾಳೆಲೆ ಕಟ್ಟಿ, ಬಿಸಿ ಆರದಿರಲೆಂದು ಚೆನ್ನಿಯ ಹಳೆಯ ಕೌದಿಯನ್ನು ಎರಡು ಸುತ್ತು ಸುತ್ತಿದೆ. ಕೌದಿ ನಾನೇ ಹೊಲಿದದ್ದು, ಅದರಲ್ಲಿ ನನ್ನ ಮದುವೆ ಸೀರೆಯ ತುಂಡೂ ಇದೆ.

ನಮ್ಮ ಯಜಮಾನರು ಅಂಗಳದಲ್ಲಿ ನಿಂತು ನೋಡುತ್ತಿದ್ದರು. ರೋಹಿಣಿ ಮಳೆ ಎರಡು ಸಲ ಹೊಡೆದು ಹೋಗಿ ನೆಲ ಹದಕ್ಕೆ ಬಂದಿತ್ತು, ಅವರು ಬಿತ್ತನೆ ಬಿಟ್ಟು ಬರುವಂತಿರಲಿಲ್ಲ.

“ಒಬ್ಬಾಕೀನ ಹೊಂಟಿ. ಬೆಳಗಾವ್ಯಾಗ ಇಳೀಲಿಲ್ಲಂದ್ರ ಮಿರಜಿಗೆ ಹೋಗಿ ಮುಟ್ಟತಿ ನೋಡು” ಎಂದರು.

“ಮುಟ್ಟಿದ್ರ ಅಲ್ಲಿಂದ ನಿಮಗೊಂದು ಸಿತಾರ ತರತೇನಿ, ಬಿಡ್ರಿ” ಎಂದೆ. ಮಿರಜಿನಲ್ಲಿ ಸಿತಾರ ಮಾಡುವವರು ಹೆಸರುವಾಸಿ.

ನಂದಗಡದಿಂದ ಖಾನಾಪುರಕ್ಕೆ ಮೊದಲ ಬಸ್ಸು. ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಅವುಚಿ ಕುಳಿತೆ. ರಸ್ತೆಯ ತಗ್ಗಿಗೆ ಬಸ್ಸು ಬಿದ್ದಾಗೆಲ್ಲ ಒಳಗೆ ಹಾಲು ಗುಳುಂ ಎನ್ನುತ್ತಿತ್ತು. ಕಂಡಕ್ಟರ ಹುಡುಗ ಹತ್ತಿರ ಬಂದು ಕೌದಿಯನ್ನು ನೋಡಿ ಕೇಳಿದ:

“ಅಜ್ಜೀ, ಇದಕ್ಕೂ ಟಿಕೀಟ ಹರೀಲೇನು?”

“ಮಡಿಲಾಗಿನ ಕೂಸಿಗೆ ಅರ್ಧಾ ಟಿಕೀಟೂ ಇಲ್ಲಪಾ, ಸರಕಾರದ ಕಾಯದೆ ಐತಿ.”

“ಕೂಸು ಭಾಳ ಸುಮ್ಮನ ಐತಲ್ರಿ.”

“ನಿನ್ನಂಗ ಅಲ್ಲ, ಒಳ್ಳೇ ಮನಿತನದ್ದು” ಎಂದೆ. ಹಿಂದಿನ ಸೀಟಿನ ಹೆಂಗಸರು ನಕ್ಕರು, ಅವನೂ ನಕ್ಕು ಮುಂದೆ ಹೋದ. ರಸ್ತೆಯ ಎರಡೂ ಕಡೆ ಭತ್ತದ ಹೊಲಗಳು ಕೆಂಪಗೆ ಉತ್ತು ಬಿದ್ದಿದ್ದವು, ಬದುಗಳ ಮೇಲೆ ಎಳೆ ಹುಲ್ಲು ಎದ್ದಿತ್ತು. ಎಷ್ಟು ದಿನವಾಗಿತ್ತೋ ನಾನು ಹಸಿರು ನೋಡಿ ಸಂತೋಷಪಟ್ಟು!

ಖಾನಾಪುರ ಸ್ಟೇಶನ್ನಿನಲ್ಲಿ ಕಿಟಕಿಯ ಬಾಬು ಮರಾಠಿಯಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಟಿಕೀಟು ಸರಿಯಾಗಿಯೇ ಬಂತು. ನಮ್ಮ ಕಡೆ ಹಾಗೆ. ಕೆಲವೇ ರೂಪಾಯಿಯ ಟಿಕೀಟು, ಬಸ್ಸಿಗಿಂತ ಅಗ್ಗ. ಲೋಂಡಾ ಕಡೆಯಿಂದ ಗಾಡಿ ಹೊಗೆ ಬಿಡುತ್ತ ಬಂತು. ಹತ್ತುವಾಗ ಗಡಿಗೆ ಹಿಡಿದು ಮೆಟ್ಟಿಲು ಏರುವುದು ಆಗದೆ ನಿಂತಾಗ, ಒಳಗಿನಿಂದ ಕಂಬಳಿ ಹೊದ್ದ ಒಬ್ಬ ಮನುಷ್ಯ ಕೈಚಾಚಿ ಗಡಿಗೆಯನ್ನು ತೆಗೆದುಕೊಂಡ, ಆಮೇಲೆ ನನ್ನನ್ನು ಎಳೆದುಕೊಂಡ. ಅವನ ಹೆಸರು ಬೀರಪ್ಪ. ಕುರಿ ಕಾಯುವವನು, ಬೀಡಿ ಎಂಬ ಊರಿನ ಕಡೆಯವನು. ಅವನ ಹೆಗಲಿಗೆ ಪಟ್ಟಿ ಕಟ್ಟಿದ ಒಂದು ದೊಡ್ಡ ಥರ್ಮಾಸು ಜೋತಾಡುತ್ತಿತ್ತು.

“ಯವ್ವಾ, ಕೌದ್ಯಾಗ ಏನೈತ್ರೀ?”

“ಹಾಲು. ಈಗ ಕರದದ್ದು, ಒಲಿ ಮುಖಾ ಕಂಡಿಲ್ಲ. ನನ್ನ ಮೊಮ್ಮಗಳನ್ನ ಉಳಿಸಿದ ಡಾಕ್ಟರಬಾಯಾರಿಗೆ.”

ಬೀರಪ್ಪ ತನ್ನ ಥರ್ಮಾಸು ತಟ್ಟಿ ತೋರಿಸಿದ. “ನಂದು ಉಲ್ಟಾ ನೋಡ್ರಿ. ಇದರಾಗ ಬರ್ಫ ತುಂಬಿ ಔಷಧದ ಬಾಟ್ಲಿ ತರಬೇಕು. ಬೆಚ್ಚಗಾತಂದ್ರ ಕೆಟ್ಟ ಹೋಗತೈತಿ. ನಿಮ್ಮದು ತಣ್ಣಗಾದ್ರ ಕೆಡತೈತಿ.”

“ಎಂಥಾ ಔಷಧ?”

“ಕುರಿಗೆ ಸೂಜಿ ಹಾಕಸೂದ್ರಿ, ಕರುಳಬ್ಯಾನಿಗೆ. ಹ್ವಾದ ವರ್ಷ ಮಳಿ ಬಿದ್ದು ಎಳೀ ಹುಲ್ಲು ಎದ್ದಿತ್ತು. ನನ್ನ ಹಿಂಡಿನಾಗ ಚಲೋ ಚಲೋ ಮರಿ, ಗುಂಡಗ ಮೈ ಬಂದವು, ಸಂಜೀಕ ಹೊಟ್ಟಿ ತುಂಬ ಮೇದು ಬಂದು ಬೆಳಗಾಗೂದ್ರಾಗ ಕಾಲ ಬಡಕೊಂಡು ಸತ್ತವು. ಬಡಕಲು ಮರಿ ಒಂದೂ ಸಾಯಲಿಲ್ಲ.”

“ಯಾರ ಕಣ್ಣು ಬಿತ್ತೋ.”

“ನಾನೂ ಹಂಗ ಅಂದ್ಯಾ. ದನದ ಡಾಕ್ಟರು ಬೈದ್ರು. ಕಣ್ಣಲ್ಲೋ ಹುಚ್ಚಾ, ಹುಳ ಅಂದ್ರು. ಕಣ್ಣಿಗೆ ಕಾಣದ ಹುಳ, ಕುರಿ ಕರುಳಾಗ ಮೊದಲಿಂದ ಇರತೈತಂತ, ಸುಮ್ಮನ ಬಿದ್ದಿರತೈತಂತ. ಒಮ್ಮಿಗೇ ಹೊಟ್ಟಿ ಬಿರಿಯ ತಿಂದಾಗ ಅದು ಜಾತ್ರಿ ಮಾಡಿ ವಿಷಾ ಉಗಳತೈತಂತ.”

ನನಗೆ ನಗು ಬಂತು. “ಕುರಿಗೆ ಇರಬಹುದಪಾ. ನಮ್ಮ ಗೌರಿ ಹೊಟ್ಟ್ಯಾಗ ಹುಲ್ಲು ಬಿಟ್ರ ಏನೂ ಇಲ್ಲ. ಒಂದ ದಿನಾ ಕೆಮ್ಮಿದಾಕೀ ಅಲ್ಲ.”

“ಒಳಗ ಇಣಕಿ ನೋಡೀರೇನ್ರೀ?”

ಡಬ್ಬಿಯ ಜನರೆಲ್ಲ ನಕ್ಕರು. ನಾನು ಬಿಡುತ್ತೇನೆಯೇ? “ಮದುವಿ ಆಗಿ ಬಂದಾಗಿಂದ ಹಿಂದಗಡೆ ನಿಂತು ಸೆಗಣಿ ಬಳದೇನಿ. ಮುಂದ ಇಣಕೂದು ಯಾತಕ್ಕ?” ಎಂದೆ. ಬೀರಪ್ಪ ಕೈಮುಗಿದ.

ಇದಲಹೊಂಡ ಬಂತು, ದೇಸೂರು ಬಂತು. ನನ್ನ ಬುತ್ತಿಯಿಂದ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ಬೀರಪ್ಪನಿಗೂ ಕೊಟ್ಟೆ. ಅವನು ಎರಡು ಹಸಿ ಉಳ್ಳಾಗಡ್ಡಿ ಕೊಟ್ಟ. ಕಿಟಕಿಯಿಂದ ಕಲ್ಲಿದ್ದಲ ಪುಡಿ ಹಾರಿ ರೊಟ್ಟಿಯ ಮೇಲೆ ಬೀಳುತ್ತಿತ್ತು, ಊದಿ ತಿಂದೆವು. ಗಡಿಗೆಯ ಮೇಲೆ ಮಾತ್ರ ಒಂದು ಕಣವೂ ಬೀಳದಂತೆ ಸೆರಗು ಮುಚ್ಚಿದ್ದೆ. ನಡುನಡುವೆ ಕೌದಿಯೊಳಗೆ ಕೈ ಹಾಕಿ ನೋಡುತ್ತಿದ್ದೆ. ಬೆಚ್ಚಗೇ ಇತ್ತು, ಮಲಗಿದ ಕೂಸಿನ ಮೈಯಂತೆ.

ಬೆಳಗಾವಿಯಲ್ಲೇ ಇಳಿದೆ, ಮಿರಜಿಗೆ ಹೋಗಲಿಲ್ಲ! ಬೀರಪ್ಪ ನನ್ನನ್ನು ಟಾಂಗಾದಲ್ಲಿ ಕೂರಿಸಿ, “ಅಜ್ಜೀನ ಸಾವಕಾಶ ಒಯ್ಯೋ, ಹಾಲು ಐತಿ” ಎಂದು ಹೇಳಿ ದನದ ದವಾಖಾನೆಯ ಕಡೆ ಹೋದ. ಟಾಂಗಾದವನು ಸಾವಕಾಶ ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಸೈಕಲ್ಲುಗಳು, ಎಮ್ಮೆಗಳು, ಹೂ ಮಾರುವವರು, ಬೂಟು ಕುಟ್ಟುತ್ತ ಹೋಗುವ ಮಿಲ್ಟ್ರಿ ಹುಡುಗರು, ಎಲ್ಲರನ್ನೂ ದಾಟಿ ಕುದುರೆ ಓಡಿತು. ಊರು ಇಷ್ಟು ಚೆಂದ ಇದೆ ಎಂದು ಹಿಂದಿನ ಸಲ ಬಂದಾಗ ನನಗೆ ಕಂಡಿರಲಿಲ್ಲ. ಆಗ ಮೊಮ್ಮಗಳು ನಳಿಗೆ ಹಾಕಿಸಿಕೊಂಡು ಮಲಗಿದ್ದಳು.

ಮಕ್ಕಳ ವಾರ್ಡಿನ ಬಾಗಿಲಲ್ಲಿ ನಾನು ಕಾಲಿಟ್ಟೊಡನೆ ಕಿಟಕಿ ಕಡೆಯ ಮಂಚದಿಂದ ಕೂಗು ಬಂತು:

“ಆಯೀ! ನಾ ಮುಂಜಾನಿಂದ ಎಷ್ಟ ಸಲಾ ಹೊಯ್ದೆ ಗೊತ್ತೇನ?”

ಬಡಕಲಾಗಿದ್ದಳು, ಕೊರಳಿನ ಎಲುಬು ಕಾಣುತ್ತಿತ್ತು. ಆದರೆ ಕಣ್ಣು ನನ್ನ ಚೆನ್ನಿಯದೇ. ಗಡಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಅವಳನ್ನು ತಬ್ಬಿಕೊಂಡೆ. ಅಲ್ಲಿ ಉಚ್ಚೆಯನ್ನು ಗೆರೆ ಕೊರೆದ ಗಾಜಿನ ಪಾತ್ರೆಯಲ್ಲಿ ಹಿಡಿದು ಅಳತೆ ಮಾಡುತ್ತಾರೆ. ಬಾಜೂ ಮಂಚದ ಹುಡುಗನಿಗಿಂತ ತನ್ನದೇ ಮೇಲಿನ ಗೆರೆ ಮುಟ್ಟಿತು ಎಂದು ಅವಳಿಗೆ ಭಾರಿ ಹೆಮ್ಮೆ. ಶಾಂತಾ ನನ್ನ ಕಾಲಿಗೆ ನಮಸ್ಕರಿಸಿದಳು. ಅವಳೂ ಸೋತು ಸಣ್ಣಾಗಿದ್ದಳು. ಬಸಪ್ಪ ಗಡ್ಡ ಬಿಟ್ಟಿದ್ದ.

“ರಕ್ತದ ಚೀಟಿ ಬಂತೇನೋ?” ಎಂದೆ.

“ಬಂದೈತವ್ವ. ಬಾಯಾರು ನೋಡಾಕತ್ತಾರ.”

ಡಾಕ್ಟರಬಾಯಿ ಬಂದರು. ಕನ್ನಡಕ ಹಾಕಿದ, ಎತ್ತರದ ಹೆಣ್ಣುಮಗಳು, ನನ್ನ ಹಿರಿಯ ಮಗಳ ವಯಸ್ಸು. ಧಾರವಾಡ ಕಡೆಯ ಮಾತು. ಚೆನ್ನಿಯ ಕಣ್ಣಿನ ರೆಪ್ಪೆ ಇಳಿಸಿ ನೋಡಿದರು, ಕಾಲು ಒತ್ತಿ ನೋಡಿದರು. ಆಮೇಲೆ ಕೈಯಲ್ಲಿದ್ದ ಚೀಟಿಯನ್ನು ಮಡಿಚಿ ನಿಂತರು.

“ರಕ್ತ ಚಲೋ ಐತಿ. ಮನಿಗೆ ಕಳಸಬಹುದು” ಎಂದರು. ನಾನು ಕೈಮುಗಿಯುವಷ್ಟರಲ್ಲಿ, “ಆದ್ರ ಕಳಸಾಕ ನನಗ ಧೈರ್ಯ ಬರವಲ್ದು” ಎಂದರು.

“ಯಾಕ್ರೀ ಬಾಯಾರ?”

“ಇದು ಹೊಟ್ಟಿ ಒಳಗ ಹೋದ ಒಂದು ಹುಳದ ವಿಷದಿಂದ ಆಗೂ ಬ್ಯಾನಿ. ಆ ಹುಳ ಎಲ್ಲಿಂದ ಬಂತು ಅನ್ನೂದು ಇನ್ನೂ ಸಿಕ್ಕಿಲ್ಲ. ಹೊರಗಿಂದು ಏನೂ ತಿಂದಿಲ್ಲ ಅಂತೀರಿ, ಬಾವಿ ನೀರು ಎಲ್ಲಾರೂ ಕುಡೀತೀರಿ, ಹಾಲು ಕಾಯಿಸ್ತೀರಿ. ಮತ್ತ ಈ ಹುಡುಗೀಗೊಬ್ಬಾಕೀಗೆ ಹೆಂಗ ಬಂತು? ಮನಿಗೆ ಹೋಗಿ ಮತ್ತ ಅದನ್ನ ತಿಂದ್ಲು ಅಂದ್ರ ಈ ಸಣ್ಣ ಮೂತ್ರಪಿಂಡ ಎರಡನೇ ಪೆಟ್ಟು ತಾಳೂದಿಲ್ಲ, ಅಜ್ಜೀ.”

ಶಾಂತಾ ತಲೆ ತಗ್ಗಿಸಿದಳು. ಹಾಲು ಕಾಯಿಸುತ್ತೇವೆ ಎಂದು ಹೇಳಿದವಳು ಅವಳೇ, ಸುಳ್ಳಲ್ಲ. ಅವಳು ಒಲೆಯ ಮುಂದೆ ಇರುತ್ತಾಳೆ, ಅವಳ ಕೈಗೆ ಬಂದ ಹಾಲೆಲ್ಲ ಕಾಯುತ್ತದೆ. ನನಗೆ ಆಗಲೂ ಹೊಳೆಯಲಿಲ್ಲ ನೋಡಿರಿ! ಬಾಯಾರ ಮುಖ ಸಪ್ಪಗಾದದ್ದು ಕಂಡು, ಈಗಲಾದರೂ ಕೊಟ್ಟರೆ ಮನಸ್ಸು ತಿಳಿಯಾಗಬಹುದೆಂದು ಗಡಿಗೆಯನ್ನು ಎತ್ತಿ ಕೌದಿ ಬಿಚ್ಚಿದೆ.

“ಬಾಯಾರ, ಬಡವರ ಮನೀದು, ಇಲ್ಲನ್ನಬ್ಯಾಡ್ರಿ. ನಮ್ಮ ಗೌರಿ ಹಾಲು.”

ವಾರ್ಡಿನ ಆಯಾ ಮರಾಠಿಯವಳು. ಬಾಳೆಲೆ ಸರಿಸಿ ಇಣುಕಿ, “ಆಜೀ, ದೂಧ ತಾಪವಲಂ ಕಾ?” ಎಂದಳು, ಕಾಯಿಸಿದ್ದೀರಾ ಎಂದು.

“ಛೇ! ಕಾಯಿಸಿದ್ದನ್ನ ಯಾಕ ತರಲಿ?” ಎಂದೆ ಎದೆಯುಬ್ಬಿಸಿ. “ಮೊಲಿಯಿಂದ ನೇರ ಗಡಿಗೀಗೆ. ಮುಟ್ಟಿ ನೋಡ್ರಿ, ಇನ್ನೂ ಬೆಚ್ಚಗೈತಿ. ನಮ್ಮ ಚೆನ್ನೀಗೂ ದಿನಾ ಮುಂಜಾನೆ ಇದ... ಒಂದು ಬಟ್ಟಲಾ...”

ಡಾಕ್ಟರಬಾಯಿ ಸ್ಟೂಲು ಎಳೆದುಕೊಂಡು ನನ್ನ ಮುಂದೆ ಕುಳಿತರು. ಬಸಪ್ಪ ನನ್ನನ್ನು ನೋಡಿದ, ಶಾಂತಾ ನನ್ನನ್ನು ನೋಡಿದಳು. ಚೆನ್ನಿ ಮಾತ್ರ ಖುಷಿಯಿಂದ, “ಹೌದ್ರಿ, ನಂದು ಹಿತ್ತಾಳಿ ಬಟ್ಟಲಾ ಐತಿ. ನೊರಿ ಮೀಸಿ ಬರತೈತಿ” ಎಂದು ತುಟಿಯ ಮೇಲೆ ಬೆರಳು ಎಳೆದು ತೋರಿಸಿದಳು.

“ಹಂಗಾರ ನಾನ ಕುಡಿಸಿದೆನೇನ್ರೀ?”

ಬಾಯಾರು ನನ್ನ ಕೈ ಹಿಡಿದುಕೊಂಡರು. “ನೀವು ಕುಡಿಸಿದ್ದು ಹಾಲು, ಅಜ್ಜೀ. ಅದರ ಬೆನ್ನ ಹತ್ತಿ ಹುಳ ಬಂದಿರಬೇಕು. ಇದರಿಂದಾನ ಅಂತ ಆಣಿ ಮಾಡಿ ಹೇಳಾಕಾಗೂದಿಲ್ಲ, ಆ ಹುಳಾನ್ನ ಹಿಡದು ತೋರಸೂ ಸೌಕರ್ಯ ನಮ್ಮಲ್ಲಿ ಇಲ್ಲ. ಆದ್ರ ಮೊದಲ ರಕ್ತ ಭೇದಿ, ಆಮ್ಯಾಲೆ ಮೂತ್ರ ನಿಂತದ್ದು, ಈಗ ಈ ಹಸೀ ಹಾಲು. ಮೂರೂ ಕೂಡಿದ್ರ ನನಗ ಸಾಕು.”

“ಆದ್ರ ಗೌರಿ ಗಟ್ಟಿಮುಟ್ಟ ಅದಾಳ್ರಿ!”

“ಇರತಾಳ. ಅದ ಇದರ ಆಟ. ಆಕಳ ಕರುಳಾಗ ಈ ಹುಳ ಸುಮ್ಮನ ಬಾಡಿಗೀ ಮನ್ಯಾಗ ಇದ್ದಂಗ ಇರತೈತಿ. ಆಕಳಿಗೆ ಏನೂ ಮಾಡೂದಿಲ್ಲ. ಸೆಗಣ್ಯಾಗ ಹೊರಗ ಬರತೈತಿ, ಕೆಚ್ಚಲಕ್ಕ ಹತ್ತತೈತಿ, ಅಲ್ಲಿಂದ ಹಾಲಿಗೆ. ಸಣ್ಣ ಕೂಸಿನ ಹೊಟ್ಟಿ ಸೇರಿದ್ರ ವಿಷಾ ಬಿಡತೈತಿ. ಆ ವಿಷಾ ರಕ್ತದಾಗ ಕೂಡಿ ಮೂತ್ರಪಿಂಡಕ್ಕ ಹೋಗಿ ಬಡೀತೈತಿ.”

ಬೀರಪ್ಪನ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಕುರಿಯಲ್ಲಿ ಒಂದು ಜಾತಿಯ ಹುಳ, ಆಕಳಲ್ಲಿ ಇನ್ನೊಂದು, ವಿಷ ಉಗುಳುವ ಗುಣ ಮಾತ್ರ ಎರಡಕ್ಕೂ. ನಾನು ಡಬ್ಬಿಯ ತುಂಬ ಜನರೆದುರು ನಕ್ಕುಬಿಟ್ಟಿದ್ದೆ.

ಬಾಯಾರು ಕೌದಿಯನ್ನು ಎತ್ತಿ ನೋಡಿದರು. ಅವರ ತುಟಿಯ ಅಂಚಿನಲ್ಲಿ ನಗು ಮೂಡಿತು. “ಮತ್ತ ಅಜ್ಜೀ, ನಂದಗಡದಿಂದ ಇಲ್ಲೀತನಕ ಹುಳಗೋಳಿಗೆ ಕೌದಿ ಹೊಚ್ಚಿ, ಬೆಚ್ಚಗ ಮಲಗಿಸಿ, ಜೋಗುಳಾ ಹಾಡಿ ಕರಕೊಂಡು ಬಂದೀರಿ. ಇಂಥಾ ಉಪಚಾರ ನನಗ ನಮ್ಮತ್ತೀ ಮನ್ಯಾಗೂ ಆಗಿಲ್ಲ.”

ಬಸಪ್ಪ ಮೊದಲು ನಕ್ಕ. ಆಮೇಲೆ ಆಯಾ, ಆಮೇಲೆ ಬಾಜೂ ಮಂಚದ ಹುಡುಗನ ತಾಯಿ. ಕಣ್ಣೀರು ಒರೆಸಿಕೊಳ್ಳುತ್ತಲೇ ನಾನೂ ನಕ್ಕೆ. ಶಾಂತಾ ಮಾತ್ರ ನಗಲಿಲ್ಲ. ಮೆಲ್ಲಗೆ ಬಂದು ಗಡಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ನಮ್ಮ ಮನೆಗೆ ಬಂದಾಗಿನಿಂದ ನನ್ನ ಮುಂದೆ ಧ್ವನಿ ಎತ್ತದವಳು ಅಂದಳು: “ಅತ್ತೀ, ಇನ್ನ ಮ್ಯಾಲೆ ಕೊಟಿಗ್ಯಾಗಿನ ಗಡಿಗಿ ನೇರ ನನ್ನ ಒಲಿಗೆ ಬರಬೇಕು. ನಡುವ ಯಾವ ಬಟ್ಟಲಾನೂ ಬ್ಯಾಡ.”

“ಆತವ್ವ. ಒಲಿ ನಿಂದು, ಮಾತು ನಿಂದು” ಎಂದೆ. ಅತ್ತೆಯವರಿಗೆ ಮನಸ್ಸಿನಲ್ಲೇ ಕೈಮುಗಿದು, ನಿಮ್ಮ ಪದ್ಧತಿಯನ್ನು ಇಲ್ಲಿಗೆ ಮುಗಿಸುತ್ತೇನೆ, ಸಿಟ್ಟಾಗಬೇಡಿ ಎಂದುಕೊಂಡೆ. ಆಗ ಶಾಂತಾಳ ಮುಖ ಸಡಿಲಾಯಿತು.

“ಮತ್ತ ಆಕಳನ್ನ ಮಾರಬೇಕೇನ್ರಿ?” ಎಂದು ಬಸಪ್ಪ ಕೇಳಿದ. ಕೇಳಬಾರದಿತ್ತು. ಚೆನ್ನಿ ಇಡೀ ವಾರ್ಡು ತಿರುಗಿ ನೋಡುವಂತೆ ಅರಚಿದಳು: “ಗೌರೀನ ಮಾರಿದ್ರ ನಾ ಉಚ್ಚಿ ಹೊಯ್ಯೂದಿಲ್ಲ!”

ಡಾಕ್ಟರಬಾಯಿ ಗಾಬರಿಯಾದಂತೆ ಮಾಡಿ ಎರಡೂ ಕೈ ಎತ್ತಿದರು. “ಬ್ಯಾಡವಾ, ಬ್ಯಾಡ! ಮಾರೂದಿಲ್ಲ.” ಆಮೇಲೆ ನಮಗೆ ಹೇಳಿದರು: “ಮಾರಿ ಏನು ಉಪಯೋಗ? ಹುಳ ಇನ್ನೊಬ್ಬರ ಕೂಸಿಗೆ ಹೋಗತೈತಿ, ಅಷ್ಟ. ಇಂಥಾ ಆಕಳ ಎಲ್ಲಾ ಊರಾಗೂ ಇರತಾವು. ಕೆಚ್ಚಲಾ ತೊಳದು ಕರೀರಿ. ಸೆಗಣಿ ಮುಟ್ಟಿದ ಕೈ ಸಾಬೂನ ಹಚ್ಚಿ ತೊಳೀರಿ. ಹಾಲು ಕುದಿಸ್ರಿ. ಬೆಂಕಿ ಮುಂದ ಆ ಹುಳದ್ದು ಏನೂ ನಡಿಯೂದಿಲ್ಲ.”

“ಎಷ್ಟು ಹೊತ್ತು ಕುದಿಸೂದ್ರಿ?” ನಾನು ಇನ್ನು ಯಾವುದನ್ನೂ ಅಂದಾಜಿಗೆ ಬಿಡುವವಳಲ್ಲ.

“ಉಕ್ಕಿ ಮ್ಯಾಲೆ ಬರಲಿ, ಸಾಕು. ಬೆಳಗಾವಿಗೆ ಬಂದೀರಂತ ಕುಂದಾ ಆಗೂತನಕ ಕುದಿಸಬ್ಯಾಡ್ರಿ.”

ನಮ್ಮ ಬೆಳಗಾವಿಯ ಕುಂದಾ ಗೊತ್ತಲ್ಲ, ಹಾಲನ್ನು ಕುದಿಸಿ ಕುದಿಸಿ ಕಂದು ಬಣ್ಣಕ್ಕೆ ತಂದು ಮಾಡುವ ಸಿಹಿ. ಆಗ ಶಾಂತಾಳೂ ನಕ್ಕಳು.

ಹಾಲನ್ನು ಚೆಲ್ಲುತ್ತಾರೆಂದು ನಾನು ಮುಖ ತಿರುಗಿಸಿದ್ದೆ. ಚೆಲ್ಲಲಿಲ್ಲ. ಆಯಾ ಅದನ್ನು ಸ್ಟೋವಿನ ಮೇಲೆ ಇಟ್ಟು, ಎರಡು ಸಲ ಉಕ್ಕಿಸಿ, ಚಹಾ ಮಾಡಿದಳು. ಡಾಕ್ಟರಬಾಯಿ ನನ್ನ ಬಾಜೂ ಕುಳಿತು ಕುಡಿದು, “ಗೌರಿ ಹಾಲು ಖರೇನ ಚಲೋ ಐತಿ” ಎಂದರು. ನನಗೆ ಹೊಟ್ಟೆ ತುಂಬಿದಷ್ಟಾಯಿತು. ಆಮೇಲೆ ಬಿಡುಗಡೆಯ ಚೀಟಿಗೆ ಸಹಿ ಹಾಕಿದರು. ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು, ಉಪ್ಪು ಕಡಿಮೆ ಕೊಡಬೇಕು ಎಂದು ಚೆನ್ನಿಯ ಕೆನ್ನೆ ಹಿಂಡಿದರು. ಖಾಲಿ ಗಡಿಗೆಯನ್ನೂ ಆಯಾ ಕುದಿನೀರು ಹಾಕಿ ತೊಳೆದುಕೊಟ್ಟಳು.

ಹಿಂತಿರುಗುವಾಗ ಬಸ್ಸು. ಸ್ಟ್ಯಾಂಡಿನ ಹತ್ತಿರ ಅರ್ಧ ಕಿಲೋ ಕುಂದಾ ಕಟ್ಟಿಸಿದೆವು. ಅಂಗಡಿಯವನಿಗೆ, “ಚಲೋ ಕುದಿಸೀರೇನ್ರಿ?” ಎಂದು ನಾನು ಕೇಳಿದ್ದಕ್ಕೆ ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಬಸ್ಸಿನ ಕಿಟಕಿಯಲ್ಲಿ ಕೋಟೆಯ ಗೋಡೆ ಹಿಂದೆ ಸರಿಯಿತು, ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ಬಹಳ ಹೊತ್ತು ನಿಂತೆವು, ಮಚ್ಛೆ ದಾಟಿದ ಮೇಲೆ ಒಂದು ಸಣ್ಣ ಮಳೆ ಬಂದು ಹೋಯಿತು. ಚೆನ್ನಿ ನನ್ನ ತೊಡೆಯ ಮೇಲೆ, ಅದೇ ಕೌದಿಯಲ್ಲಿ ಮಲಗಿದಳು. ಬೆಳಗ್ಗೆ ಅದರಲ್ಲಿ ಏನು ಹೊತ್ತು ತಂದಿದ್ದೆ, ಈಗ ಏನು ಹೊತ್ತು ಹೋಗುತ್ತಿದ್ದೇನೆ! ಆಗಾಗ ಕೈಹಾಕಿ ನೋಡುತ್ತಿದ್ದೆ. ಬೆಚ್ಚಗೇ ಇದ್ದಳು.

ಖಾನಾಪುರದಲ್ಲಿ ನಂದಗಡದ ಬಸ್ಸಿಗೆ ಕಾಯುವಾಗ ಕಂಬಳಿ ಕಾಣಿಸಿತು. ಬೀರಪ್ಪ! ಥರ್ಮಾಸನ್ನು ಎದೆಗೆ ಅವುಚಿಕೊಂಡು ಬೀಡಿಯ ಬಸ್ಸಿಗೆ ನಿಂತಿದ್ದ.

“ಯವ್ವಾ, ಬಾಯಾರು ಹಾಲು ಕುಡದ್ರೇನ್ರೀ?”

“ಕುಡದ್ರು. ಕುದಿಸಿ ಕುಡದ್ರು.” ಮುಚ್ಚಿಟ್ಟು ಮಾಡುವುದೇನಿದೆ? ಹೇಳಿಬಿಟ್ಟೆ: “ಬೀರಪ್ಪಾ, ನಮ್ಮ ಗೌರಿ ಹೊಟ್ಟ್ಯಾಗೂ ಒಂದು ಐತಂತಪಾ.”

ಅವನು ಗಂಭೀರವಾಗಿ ಕೇಳಿದ: “ಇಣಕಿ ನೋಡಿದ್ರೇನ್ರೀ?”

ಇಬ್ಬರೂ ಸ್ಟ್ಯಾಂಡಿನ ಜನ ನೋಡುವಂತೆ ನಕ್ಕೆವು. ಅವನು ಚೆನ್ನಿಯ ತಲೆಯ ಮೇಲೆ ಕೈಯಿಟ್ಟು, “ನೂರು ವರ್ಷ ಬಾಳವಾ” ಎಂದು ಹರಸಿ ಬಸ್ಸು ಹತ್ತಿದ. ಅವನ ಮರಿಗಳೂ ಈ ವರ್ಷ ಬಾಳಲಿ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಮ್ಮ ಯಜಮಾನರು ಬಾಗಿಲಲ್ಲೇ ನಿಂತಿದ್ದರು, ಮೊಮ್ಮಗಳನ್ನು ಎತ್ತಿಕೊಂಡವರು ಅರ್ಧ ತಾಸು ಕೆಳಗಿಳಿಸಲಿಲ್ಲ. “ಸಿತಾರ ಎಲ್ಲಿ?” ಎಂದು ನನ್ನನ್ನು ಕೇಳಿದರು. ಚೆನ್ನಿ ಮೊದಲು ಗೌರಿಯನ್ನು ದೂರದಿಂದ ಮಾತಾಡಿಸಿ ಬಂದಳು. ನಾನು ಬಿಸಿನೀರಿನಲ್ಲಿ ಕೆಚ್ಚಲು ತೊಳೆದು ಕರೆದೆ. ಗೌರಿಗೆ ಆ ಹೊಸ ಉಪಚಾರ ಸೇರಲಿಲ್ಲ, ಬಾಲದಿಂದ ನನ್ನ ಕೆನ್ನೆಗೆ ಒಂದು ಬಾರಿಸಿದಳು. ಬಾರಿಸಲಿ. ಗಡಿಗೆಯನ್ನು ನೇರವಾಗಿ ಶಾಂತಾಳ ಒಲೆಗೆ ಒಯ್ದು ಕೊಟ್ಟೆ.

ಹಾಲು ಕಾಯುವುದನ್ನು ಇಡೀ ಮನೆ ನಿಂತು ನೋಡಿದೆವು. ಹೊಸ ಮನೆ ಹೊಕ್ಕಾಗ ಹಾಲು ಉಕ್ಕಿಸುತ್ತೇವಲ್ಲ, ಹಾಗೆ. ಕೆನೆ ನಡುಗಿತು, ಅಂಚಿನಲ್ಲಿ ಗುಳ್ಳೆ ಎದ್ದವು. ಶಾಂತಾ ಇಳಿಸಲಿಕ್ಕೆ ಇಕ್ಕಳ ಹಿಡಿದಳು. “ತಡಿಯವ್ವ, ಇನ್ನೊಂದೀಟು” ಎಂದೆ. ಬುಸ್ಸೆಂದು ಮೇಲೆ ಬಂದು ಒಲೆಯ ಮೇಲೆ ಚೆಲ್ಲಿತು. “ಉಕ್ಕಿತು!” ಎಂದು ಚೆನ್ನಿ ಚಪ್ಪಾಳೆ ತಟ್ಟಿದಳು. ಒಲೆ ಕಂಡ ಹಾಲಿನ ಆ ವಾಸನೆ ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣುವುದು. ಅವತ್ತು ಯಜಮಾನರೇ ಹೇಳಿದರು: “ಎಲ್ಲಾರೂ ಕೂಡೇ ಕುಂದರೂಣು. ಹಿಂಗ ಒಂದ ಸಾಲಿನ್ಯಾಗ ನೋಡಬೇಕು ನಾನು.” ಜೋಳದ ರೊಟ್ಟಿ, ಮೆಂತ್ಯೆ ಪಲ್ಯೆ, ಬಿಸಿ ಅನ್ನ, ಎಲ್ಲರ ತಾಟಿನ ಅಂಚಿಗೂ ಒಂದೊಂದು ಚೂರು ಕುಂದಾ. ಚೆನ್ನಿಗೆ ಉಪ್ಪಿಲ್ಲದ ಅನ್ನ, ಕಾಯಿಸಿ ಆರಿಸಿದ ಹಾಲು, ಅದೇ ಹಿತ್ತಾಳೆ ಬಟ್ಟಲಲ್ಲಿ. ಎರಡು ತುತ್ತು ತಿಂದವಳು ತಟ್ಟನೆ ಎದ್ದು ನಿಂತಳು.

“ಆಯೀ, ಉಚ್ಚಿ ಬಂತು.”

ಬಸಪ್ಪ ತಾಟು ಬಿಟ್ಟು ಎದ್ದ, ಶಾಂತಾ ಎದ್ದಳು, ನಾನು ಎದ್ದೆ, ಮೊಣಕಾಲು ನೋವಿನ ಯಜಮಾನರೂ ಗೋಡೆ ಹಿಡಿದು ಎದ್ದರು. ಎಂಜಲ ಕೈಯಲ್ಲೇ ನಾಲ್ವರೂ ಅವಳ ಹಿಂದೆ ಅಂಗಳದವರೆಗೆ ಹೋಗಿ, ಮೆರವಣಿಗೆಯಂತೆ ಅವಳನ್ನು ಕರೆದುಕೊಂಡು ಬಂದು, ಕೈತೊಳೆಸಿ, ನಾವೂ ಸಾಬೂನು ಹಚ್ಚಿ ತೊಳೆದುಕೊಂಡು, ಆರಿದ ರೊಟ್ಟಿಯ ಮುಂದೆ ಮತ್ತೆ ಸಾಲಾಗಿ ಕುಳಿತು ಉಂಡೆವು.